ಜ್ವರ ಬಿಟ್ಟರೂ ಗಂಟುನೋವು ಬಿಡಲಿಲ್ಲ

2008ರಲ್ಲಿ ದಕ್ಷಿಣ ಕನ್ನಡದಲ್ಲಿ ಚಿಕುನ್‌ಗುನ್ಯ ಹರಡಿದಾಗ ನಮ್ಮ ಮನೆಯಲ್ಲಿ ಐದು ಮಂದಿ ಒಟ್ಟಿಗೇ ಮಲಗಿದ್ದೆವು. ಒಂದು ಲೋಟ ನೀರು ಕೊಡಲಿಕ್ಕೂ ಜನ ಇರಲಿಲ್ಲ. ಪಕ್ಕದ ಮನೆಯವರು ಗಂಜಿ ತಂದಿಟ್ಟು ಹೋಗುತ್ತಿದ್ದರು, ಮರುವಾರ ಅವರೂ ಮಲಗಿದರು. ಜ್ವರವೇನೋ ನಾಲ್ಕೈದು ದಿನಕ್ಕೆ ಬಿಟ್ಟಿತು. ಉಮ್ಮನ ಗಂಟುನೋವು ಮಾತ್ರ ಎರಡು ವರ್ಷ ಹಿಡಿಯಿತು.

ಉಮ್ಮ ಬೀಡಿ ಕಟ್ಟುವವರು. ದಿನಕ್ಕೆ ಸಾವಿರ ಕಟ್ಟುತ್ತಿದ್ದ ಕೈಗೆ ನೂರು ಕಟ್ಟುವಷ್ಟರಲ್ಲಿ ಸಾಕಾಗುತ್ತಿತ್ತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಿಕ್ಕೆ ಆಗದು, ಚಾದ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯಬೇಕು, ರೊಟ್ಟಿ ತಟ್ಟುವ ಮಾತೇ ಇಲ್ಲ. ಸುಜೂದ್‌ನಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ಕುರ್ಚಿಯಲ್ಲಿ ಕೂತು ನಮಾಝ್ ಮಾಡಿ ಎಂದರೆ "ನಾನೇನು ಮುದುಕಿಯಾ?" ಎಂದು ಸಿಟ್ಟು. ಹೊರಗಿನಿಂದ ನೋಡಿದರೆ ಕಾಯಿಲೆ ಕಾಣುವುದಿಲ್ಲ. "ಜ್ವರ ಬಿಟ್ಟು ತಿಂಗಳಾಯಿತಲ್ಲ, ಇನ್ನೂ ಎಂಥ ನೋವು?" ಎಂದು ನೆಂಟರು ಕೇಳಿದ್ದು ಉಮ್ಮನಿಗೆ ನೋವಿಗಿಂತ ಹೆಚ್ಚು ಚುಚ್ಚಿತ್ತು.

ಈ ರೋಗವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಆಫ್ರಿಕದ ಟಾಂಜಾನಿಯಾದಲ್ಲಿ. ಅಲ್ಲಿನ ಮಕೊಂಡೆ ಭಾಷೆಯಲ್ಲಿ ಚಿಕುನ್‌ಗುನ್ಯ ಎಂದರೆ ಬಾಗಿ ಮುದುಡುವುದು ಎಂದರ್ಥವಂತೆ. ಉಮ್ಮ ನಡೆಯುತ್ತಿದ್ದುದೇ ಹಾಗೆ.

ನಾವು ಮಾಡಿದ ತಪ್ಪನ್ನೂ ಹೇಳಬೇಕು. ಪೇಟೆಯಲ್ಲಿ ಒಬ್ಬರು ಇಂಜೆಕ್ಷನ್ ಕೊಟ್ಟು, ಹೆಸರಿಲ್ಲದ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಎರಡೇ ದಿನಕ್ಕೆ ನೋವು ಮಾಯ. ಇಡೀ ಕೇರಿಗೆ ನಾವೇ ಅವರ ವಿಳಾಸ ಹೇಳಿದೆವು! ಕೆಲವು ತಿಂಗಳಲ್ಲಿ ಉಮ್ಮನ ಮುಖ ಊದಿತು, ಶುಗರ್ ಏರಿತು. ಬೇರೆ ವೈದ್ಯರು ನೋಡಿ, ಅದು ಸ್ಟಿರಾಯ್ಡ್ ಎಂದರು. ಸ್ಟಿರಾಯ್ಡ್ ಕೆಟ್ಟ ಮದ್ದೇನಲ್ಲ, ಆದರೆ ತಿಳಿದವರು ಲೆಕ್ಕ ಹಾಕಿ ಕೊಡಬೇಕು, ಹಂತಹಂತವಾಗಿ ಇಳಿಸಬೇಕು. ನಾವಾಗಿ ತಟ್ಟನೆ ನಿಲ್ಲಿಸುವುದೂ ಅಪಾಯ.

ಅಮೆರಿಕದಲ್ಲಿರುವ ನೆಂಟರೊಬ್ಬರು, ಅಲ್ಲಿ ಲೈಮ್ ರೋಗದ ಗಂಟುನೋವಿಗೆ ಆಂಟಿಬಯೋಟಿಕ್ ಕೊಡುತ್ತಾರೆ, ಕೇಳಿ ನೋಡಿ ಎಂದರು. ಕೇಳಿದೆವು. ಅದು ಉಣುಗು ಕಚ್ಚಿ ಬರುವ ಬ್ಯಾಕ್ಟೀರಿಯಾದ ರೋಗ. ಇದು ಸೊಳ್ಳೆಯಿಂದ ಬರುವ ವೈರಸ್, ಆಂಟಿಬಯೋಟಿಕ್ ಇದಕ್ಕೆ ಪ್ರಯೋಜನವಿಲ್ಲ.

ಕೊನೆಗೆ ಉಮ್ಮನಿಗೆ ಆರಾಮ ಕೊಟ್ಟದ್ದು ಸಣ್ಣ ಸಣ್ಣ ಸಂಗತಿಗಳು. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈ ಅದ್ದಿ ನಿಧಾನಕ್ಕೆ ಬೆರಳು ಮಡಚಿ ಬಿಡಿಸುವುದು, ಊದಿಕೊಂಡ ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ. ಪೂರ್ತಿ ಮಲಗಿದರೆ ಗಂಟು ಇನ್ನೂ ಬಿಗಿಯುತ್ತದೆ. ಜ್ವರ ಇರುವಾಗ ಡೆಂಗಿ ಅಲ್ಲವೆಂದು ಖಾತ್ರಿಯಾಗುವ ತನಕ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ಡೆಂಗಿಯಾದರೆ ರಕ್ತಸ್ರಾವದ ಭಯ ಉಂಟು. ಮೂರು ತಿಂಗಳಾದರೂ ನೋವು ಹೋಗದಿದ್ದರೆ ಗಂಟುರೋಗದ ತಜ್ಞರಿಗೆ ತೋರಿಸಿ, ಅದು ಆಮವಾತವೂ ಇರಬಹುದು.

ಸೊಳ್ಳೆಯ ವಿಷಯ ಎಲ್ಲರಿಗೂ ಗೊತ್ತು, ಆದರೆ ಇದು ಹಗಲಲ್ಲಿ ಕಚ್ಚುವ ಸೊಳ್ಳೆ. ರಬ್ಬರ್ ತೋಟದ ಚಿಪ್ಪು, ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಅಂಗೈಯಷ್ಟು ನೀರು ಸಾಕು ಅದಕ್ಕೆ.

ಉಮ್ಮ ಈಗ ಪರವಾಗಿಲ್ಲ. ಬೀಡಿಯ ತಡ್ಪೆ ಮತ್ತೆ ಮುಟ್ಟಲಿಲ್ಲ. ಮಳೆ ಹಿಡಿದರೆ ಬೆರಳು ಎರಡು ದಿನ ಬಿಗಿಯುತ್ತದೆ ಅಂತಾರೆ. ಆದರೂ ಮಳೆ ನಿಂತ ಕೂಡಲೇ ಹಿತ್ತಿಲಿಗೆ ಹೋಗಿ ಚಿಪ್ಪು ಮಗುಚಿ ಹಾಕುವ ಕೆಲಸವನ್ನು ಇವತ್ತಿಗೂ ನಮಗೆ ಬಿಟ್ಟುಕೊಟ್ಟಿಲ್ಲ.