ವಿದೇಶದ ಎಂ.ಎಸ್.: ದೇಶ ಕೇಳುವ ಮೊದಲು ಮಾರ್ಕ್ಸ್‌ಕಾರ್ಡ್ ನೋಡಿ

ಮಗ್ರಿಬ್ ಮುಗಿಸಿ ಮದ್ರಸದ ಜಗಲಿಗೆ ಬರುವ ಉಪ್ಪಂದಿರ ಪ್ರಶ್ನೆ ಈಗ ಬದಲಾಗಿದೆ. ಮೊದಲು ‘ಗಲ್ಫಿಗೆ ವೀಸಾ ಸಿಗ್ತದಾ ಉಸ್ತಾದ್?’ ಅಂತಿದ್ದರು. ಈಗ ‘ಮಗನನ್ನು ಎಂ.ಎಸ್.ಗೆ ಯಾವ ದೇಶಕ್ಕೆ ಕಳಿಸೋಣ?’ ಅಂತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದ ನಮ್ಮವರ ಮನೆಗಳಲ್ಲೂ ಇದೇ ಮಾತು. ನಾವು ಓದಿದ್ದು ಪಿಯುಸಿ. ಆದರೂ ಹುಡುಗರ ಜೊತೆ ಕೂತು ಅರ್ಜಿಗಳನ್ನು ಓದಿ ಓದಿ ಒಂದಷ್ಟು ತಿಳಿದುಕೊಂಡಿದ್ದೇವೆ.

ದೇಶ ಆಮೇಲೆ, ಮೊದಲು ಡಿಗ್ರಿ. 3 ವರ್ಷದ ಬಿ.ಎಸ್ಸಿ., ಬಿ.ಕಾಂ. ಆದವರನ್ನು ಬ್ರಿಟನ್ನಿನ ವಿ.ವಿ.ಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತವೆ. ಅಮೆರಿಕದ ಅನೇಕ ವಿ.ವಿ.ಗಳು 16 ವರ್ಷದ ಓದು ಕೇಳುತ್ತವೆ. ದಾವಣಗೆರೆಯಲ್ಲಿ ಬಿ.ಇ. ಮುಗಿಸಿದವರಿಗೆ ಆ ತೊಡಕಿಲ್ಲ. ಜರ್ಮನಿಯವರು ಡಿಗ್ರಿಯಲ್ಲಿ ಓದಿದ ವಿಷಯಗಳನ್ನೇ ಒಂದೊಂದಾಗಿ ಎಣಿಸುತ್ತಾರೆ. ನಮ್ಮಲ್ಲಿ ಓದಿದ ಹುಡುಗನೊಬ್ಬ ಮೆಕ್ಯಾನಿಕಲ್ ಮಾಡಿ, ಏಜೆಂಟನ ಮಾತು ಕೇಳಿ ಡೇಟಾ ಸೈನ್ಸ್‌ಗೆ ಅರ್ಜಿ ಹಾಕಿದ. ಕಂಪ್ಯೂಟರ್ ವಿಷಯದ ಕ್ರೆಡಿಟ್ ಸಾಲದು ಅಂತ ಉತ್ತರ ಬಂತು. ಪರೀಕ್ಷೆ ಫೀಸು, ಏಜೆಂಟನ ಫೀಸು ಎಲ್ಲ ಹೋಯಿತು. ಅವನ ಉಮ್ಮ ಬಳೆ ಮಾರಿದ ದುಡ್ಡು ಅದು.

ಅಂಕದ ಲೆಕ್ಕವೂ ಅಲ್ಲಿ ತಿರುಗಾಮುರುಗಾ, 1 ಅಂದರೆ ಅತ್ಯುತ್ತಮ. ಪಾಸಿನ ಗಡಿ 4 ಇರುವಲ್ಲಿ ನಮ್ಮ 10ಕ್ಕೆ 8 ಅವರಿಗೆ 2.0, ನಮ್ಮ 7 ಅವರಿಗೆ 2.5. ಅನೇಕ ಕೋರ್ಸುಗಳು 2.5ಕ್ಕೇ ಬಾಗಿಲು ಹಾಕುತ್ತವೆ. ಮಾರ್ಕ್ಸ್‌ಕಾರ್ಡ್ ಅಸಲಿ ಅನ್ನುವ ಎಪಿಎಸ್ ಪ್ರಮಾಣಪತ್ರವೂ ಬೇಕು. ಐಇಎಲ್‌ಟಿಎಸ್ ಅಂಕಕ್ಕೆ 2 ವರ್ಷ ಮಾತ್ರ ಆಯುಷ್ಯ, ತೀರಾ ಮುಂಚೆ ಬರೆಯಬೇಡಿ.

ಇನ್ನು ದುಡ್ಡು. ಜರ್ಮನಿಯ ಸರಕಾರಿ ವಿ.ವಿ.ಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ. ಆದರೆ ವೀಸಾಕ್ಕೆ ಮೊದಲೇ 11,904 ಯೂರೋ ಖಾತೆಯಲ್ಲಿ ಇಡಬೇಕು. ನಮ್ಮ ದುಡ್ಡೇ, ತಿಂಗಳಿಗೆ 992ರಂತೆ ವಾಪಸ್ ಬರುತ್ತದೆ. ಆದರೂ 10 ಲಕ್ಷ ರೂಪಾಯಿ ದಾಟಿತಲ್ಲ! ಬ್ಯಾಂಕ್ ಸಾಲಕ್ಕೆ ಬಡ್ಡಿ. ಬಡ್ಡಿಯ ಭಾರ ಹೊರುತ್ತಿದ್ದ ಕೇಂದ್ರದ ‘ಪಢೋ ಪರ್ದೇಶ್’ 2022ರಲ್ಲಿ ನಿಂತಿತು. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದೇಶ ವ್ಯಾಸಂಗ ಸಾಲವನ್ನು ದಾವಣಗೆರೆ ಕಚೇರಿಯಲ್ಲಿ ವಿಚಾರಿಸಿ. ಟರ್ಕಿ ಸರಕಾರದ ವಿದ್ಯಾರ್ಥಿವೇತನ ಸಿಕ್ಕರೆ ಶುಲ್ಕ, ವಸತಿ, ತಿಂಗಳ ಖರ್ಚು ಎಲ್ಲ ಅವರದೇ. 30ರೊಳಗಿನ ವಯಸ್ಸು, ಶೇ. 75 ಅಂಕ ಬೇಕು, ಅರ್ಜಿಗೆ ಫೀಸಿಲ್ಲ. ಮಾವ, ಕಾಕ ಕೂಡಿ ಕರ್ಝೆ ಹಸನ ಕೊಟ್ಟರೆ ಇನ್ನೂ ಒಳ್ಳೆಯದು. ಮನೆಯವರೇ ಆದರೂ ಬರೆದಿಟ್ಟುಕೊಳ್ಳಿ.

ಮಗಳಿಗೆ ನಿಕಾಹ್ ಮಾಡಿಸಿ ಗಂಡನ ಜೊತೆ ಲಂಡನ್ನಿಗೆ ಕಳಿಸುವ ಲೆಕ್ಕ ಹಾಕಿದವರೂ ಇದ್ದಾರೆ. 2024ರ ಜನವರಿಯಿಂದ ಬ್ರಿಟನ್ನಿನ ಸಾಮಾನ್ಯ ಮಾಸ್ಟರ್ಸ್ ಕೋರ್ಸಿಗೆ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಅವಲಂಬಿತರಾಗಿ ಕರೆದೊಯ್ಯುವಂತಿಲ್ಲ. ನಿಕಾಹಿನ ಮಾತುಕತೆಗೆ ಮೊದಲೇ ಇದು ಗೊತ್ತಿರಲಿ.

ಇನ್ನೊಂದು, ಇದು ನಮ್ಮವರಿಗೇ ಹೆಚ್ಚು ಕಾಡುವುದು. ಎಸ್ಸೆಸ್ಸೆಲ್ಸಿಯಲ್ಲಿ ಮಹಮ್ಮದ್, ಡಿಗ್ರಿಯಲ್ಲಿ ಮುಹಮ್ಮದ್, ಪಾಸ್‌ಪೋರ್ಟಲ್ಲಿ ಬರೀ ‘ಎಂಡಿ’. ತಿದ್ದಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹುಡುಗ ಡಿಗ್ರಿಯ 2ನೇ ವರ್ಷದಲ್ಲಿರುವಾಗಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.