‘ಕೊಡಗು’ ಪದದಲ್ಲಿ ಅಕ್ಷರ ಎಷ್ಟು?

ಪ್ರೋಗ್ರಾಮಿಂಗ್ ಭಾಷೆ ಬದಲಾದರೆ ಅದನ್ನು ಬಳಸುವವರ ಎಣಿಕೆಯ ರೂಢಿಯೂ ಬದಲಾಗುತ್ತದೆ. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಅಥವಾ ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿ ಇದನ್ನು ಒಂದೇ ಪದದಿಂದ ಪರೀಕ್ಷಿಸಬಹುದು. ‘ಕೊಡಗು’ ಎಷ್ಟು ಉದ್ದ ಎಂದು ಕೇಳಿದರೆ ಸಿ ಭಾಷೆ 15 ಎನ್ನುತ್ತದೆ, ಪೈಥಾನ್ 3 ಮತ್ತು ಜಾವಾ 5 ಎನ್ನುತ್ತವೆ, ಆ್ಯಪಲ್ ಕಂಪನಿಯ ಸ್ವಿಫ್ಟ್ 3 ಎನ್ನುತ್ತದೆ. ಒಂದನೇ ತರಗತಿಯ ಮಗುವಿನ ಉತ್ತರವೂ ಮೂರೇ.

ಸಿ ರೂಪುಗೊಂಡದ್ದು 1970ರ ದಶಕದ ಆರಂಭದಲ್ಲಿ, ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು ಎಂಬ ಲೆಕ್ಕದಲ್ಲಿ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಬೇಕು. ಕ, ಒಕಾರದ ಚಿಹ್ನೆ, ಡ, ಗ, ಉಕಾರದ ಚಿಹ್ನೆ: ಐದು ಚಿಹ್ನೆ, ಹದಿನೈದು ಬೈಟ್. ಸಿ ಬೈಟ್ ಎಣಿಸುತ್ತದೆ, ಪೈಥಾನ್ ಚಿಹ್ನೆ ಎಣಿಸುತ್ತದೆ. 2014ರಲ್ಲಿ ಬಂದ ಸ್ವಿಫ್ಟ್ ಓದುಗರ ಕಣ್ಣಿಗೆ ಒಂದೆಂದು ಕಾಣುವುದನ್ನು ಎಣಿಸಲು ಯತ್ನಿಸುತ್ತದೆ.

ಇಲ್ಲಿಗೆ ಬರುವ ಮುನ್ನ ಕನ್ನಡದ ಪ್ರೋಗ್ರಾಮರ್‌ಗಳು ಬೇರೆಯೇ ದಾರಿ ಹಿಡಿದಿದ್ದರು. 1998ರಲ್ಲಿ ಬಂದ ಬರಹ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇಂಗ್ಲಿಷಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದವು. ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತಾದರೂ, ತುಂಗಾ ಫಾಂಟ್ ಇದ್ದ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬರುವವರೆಗೆ ಮನೆಯ ಕಂಪ್ಯೂಟರಿನಲ್ಲಿ ಅದರ ಪ್ರಯೋಜನ ಸಿಗುವುದು ಕಷ್ಟವಿತ್ತು. ಹಾಗಾಗಿ ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ. ಸಾವಿರಾರು ಕಚೇರಿ, ಮುದ್ರಣಾಲಯಗಳಲ್ಲಿ ಕನ್ನಡ ಬೆರಳಚ್ಚಾದದ್ದು ಈ ತಂತ್ರಾಂಶಗಳಿಂದಲೇ. ಆದರೆ ಫಾಂಟ್ ತೆಗೆದರೆ ಆ ಕಡತ ಇಂಗ್ಲಿಷ್ ಅಕ್ಷರಗಳ ಗೋಜಲು. ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು.

ಹಳೆಯ ಕಡತಗಳನ್ನು ಯುನಿಕೋಡ್‌ಗೆ ತರುವ ಕೆಲಸದಲ್ಲಿ ಅತಿ ಹೆಚ್ಚು ಕಾಡಿದ್ದು ಅರ್ಕಾವತ್ತು. ‘ಸೂರ್ಯ’ ಪದ ಹಳೆಯ ಕಡತದಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತದೆ: ಸೂ, ಯ, ಕೊನೆಗೆ ಅರ್ಕಾವತ್ತು. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಸೂ, ರ್, ಯ. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು, ಹಿಂದಿನದನ್ನು ಮುಂದಕ್ಕೆ ತರಬೇಕು. ಪ್ರೋಗ್ರಾಮರ್ ಅರವಿಂದ ವಿ.ಕೆ. ಇಂಥ ಪರಿವರ್ತಕವನ್ನು ಮುಕ್ತ ತಂತ್ರಾಂಶವಾಗಿ ಕೊಟ್ಟರು. ಬೇರೆಯವರು ಅದನ್ನು ನೋಡಿ ಕಲಿಯಲು, ತಿದ್ದಲು ಸಾಧ್ಯವಾಯಿತು. ಇಷ್ಟೆಲ್ಲ ಬದಲಾದರೂ ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಉಳಿಯಿತು. ಒಳಗಿನ ಸಂಕೇತ ಬದಲಾದದ್ದು ಬೆರಳುಗಳಿಗೆ ತಿಳಿಯಲೇ ಇಲ್ಲ. ಉಪಕರಣ ಬದಲಿಸುವವರು ಬಳಕೆದಾರರಿಗೆ ಮಾಡಬಹುದಾದ ದೊಡ್ಡ ಉಪಕಾರ ಇದು.

ಎಲ್ಲ ಬದಲಾವಣೆಯೂ ಇಷ್ಟು ಸದ್ದಿಲ್ಲದೆ ಆಗಲಿಲ್ಲ. ಪೈಥಾನ್ ಎರಡನೇ ಆವೃತ್ತಿಯಿಂದ ಮೂರಕ್ಕೆ ಹೋದದ್ದು ಪ್ರೋಗ್ರಾಮರ್ ಲೋಕದ ದೀರ್ಘ ಜಗಳಗಳಲ್ಲೊಂದು. ಹೊಸದು 2008ರ ಡಿಸೆಂಬರಿನಲ್ಲಿ ಬಂತು, ಹಳೆಯದರ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಇಂಗ್ಲಿಷಿನಲ್ಲೇ ಕೆಲಸ ಮಾಡುವವರಿಗೆ ಇದು ಸುಮ್ಮನೆ ಹೇರಿದ ಹೊರೆ ಎನಿಸಿತು. ಕನ್ನಡ ಪಠ್ಯದೊಂದಿಗೆ ದುಡಿಯುವವರಿಗೆ ಮಾತ್ರ ಬಿಡುಗಡೆ: ಹಳೆಯದರಲ್ಲಿ ಪ್ರತಿ ಕನ್ನಡ ಪದಕ್ಕೆ ಮೊದಲು ‘ಯು’ ಗುರುತು ಹಾಕಬೇಕಿತ್ತು, ಮರೆತರೆ ಅದಕ್ಕೂ ‘ಕೊಡಗು’ 15.

ಕೆಲಸ ಮುಗಿದಿಲ್ಲ. ‘ಕನ್ನಡ’ ಎಂಬ ಪದವನ್ನೇ ಕೊಟ್ಟರೆ ಸ್ವಿಫ್ಟ್ ಅನುಸರಿಸುವ ಯುನಿಕೋಡ್ ಎಣಿಕೆಯ ನಿಯಮ ಒತ್ತಕ್ಷರವನ್ನು ಒಡೆದು ನಾಲ್ಕು ಎನ್ನುತ್ತಿತ್ತು. 2023ರ ಯುನಿಕೋಡ್ 15.1 ಆವೃತ್ತಿ ದೇವನಾಗರಿ, ತೆಲುಗು, ಮಲಯಾಳಂ ಸೇರಿ ಆರು ಲಿಪಿಗಳಿಗೆ ಇದನ್ನು ಸರಿಪಡಿಸಿತು. ಆ ಆರರಲ್ಲಿ ಕನ್ನಡ ಇರಲಿಲ್ಲ. ಹೊಸ ಉಪಕರಣ ಬಂದಾಗ ಬಳಸಲು ಕಲಿತರಷ್ಟೇ ಸಾಲದು. ಅದರ ನಿಯಮ ಬರೆಯುವಲ್ಲಿ ಕನ್ನಡ ಬಲ್ಲ ಪ್ರೋಗ್ರಾಮರ್ ಇರಬೇಕು.

ಕೊಡಗಿಗೆ ಈ ಮಾತು ಇನ್ನೂ ಹತ್ತಿರದ್ದು. 2011ರ ಜನಗಣತಿಯಂತೆ ಸುಮಾರು 1.14 ಲಕ್ಷ ಜನರ ಮಾತಾದ ಕೊಡವ ತಕ್ಕ್ ಹೆಚ್ಚಾಗಿ ಕನ್ನಡ ಲಿಪಿಯನ್ನೇ ಬಳಸುತ್ತದೆ. ನಡಿಕೇರಿಯಂಡ ಚಿಣ್ಣಪ್ಪ ಅವರ ಕೊಡವ ಜಾನಪದ ಸಂಗ್ರಹ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾದದ್ದೂ ಇದೇ ಲಿಪಿಯಲ್ಲಿ. ಆದರೆ ಕೊಡವ ಮಾತಿನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲ. ಅವನ್ನು ಯಾವುದೋ ಫಾಂಟಿನೊಳಗೆ ತುರುಕಿದರೆ ಹಳೆಯ ಕಡತಗಳ ಪಾಡು ಮರುಕಳಿಸುತ್ತದೆ. ಬರೆಯುವವರು ಒಂದು ಪದ್ಧತಿಗೆ ಒಪ್ಪಿ, ಅದಕ್ಕೆ ಯುನಿಕೋಡ್‌ನಲ್ಲಿರುವ ಚಿಹ್ನೆಗಳು ಸಾಕಾಗದಿದ್ದರೆ ಅಚ್ಚಾದ ಪುಸ್ತಕಗಳ ಆಧಾರದೊಂದಿಗೆ ಯುನಿಕೋಡ್ ಒಕ್ಕೂಟಕ್ಕೆ ಪ್ರಸ್ತಾವ ಕಳಿಸುವುದು ಸರಿಯಾದ ದಾರಿ.