ಬಾಯಿಹುಣ್ಣು: ಎಲ್ಲಕ್ಕೂ ಉಷ್ಣವೇ ಕಾರಣವಲ್ಲ

ಬಳ್ಳಾರಿಯ ಬಿಸಿಲಿನಲ್ಲಿ ಬಾಯಿಹುಣ್ಣಾದರೆ 'ಉಷ್ಣವಾಗಿದೆ' ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವವರೇ ಹೆಚ್ಚು. ಸಂಜೆ ತಿಂದ ಒಗ್ಗರಣೆ-ಮಿರ್ಚಿಯ ಮೇಲೂ ದೂರು ಬೀಳುತ್ತದೆ. ಖಾರವು ಇರುವ ಹುಣ್ಣನ್ನು ಉರಿಸುತ್ತದೆ, ನಿಜ. ಮೂಲ ಸಾಮಾನ್ಯವಾಗಿ ಬೇರೆಯೇ ಇರುತ್ತದೆ.

ಕೆನ್ನೆ ಕಚ್ಚಿಕೊಳ್ಳುವುದು, ಮೊನಚಾದ ಹಲ್ಲು, ಸರಿಹೊಂದದ ಕಟ್ಟುಹಲ್ಲು, ಮಾನಸಿಕ ಒತ್ತಡ ಇವು ಪ್ರಮುಖ ಕಾರಣಗಳು. ಹುಣ್ಣು ಪದೇ ಪದೇ ಮರುಕಳಿಸಿದರೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಅಥವಾ ಬಿ-12 ಜೀವಸತ್ವದ ಕೊರತೆಯನ್ನು ಶಂಕಿಸಬೇಕು. ಸಿರುಗುಪ್ಪದಂತಹ ಭತ್ತದ ಸೀಮೆಯಲ್ಲಿ ಅನ್ನಕ್ಕೆ ಬರವಿಲ್ಲ. ಆದರೆ ಅನ್ನವನ್ನು ಎಷ್ಟು ಉಂಡರೂ ಬಿ-12 ದೊರೆಯದು. ಅದಕ್ಕೆ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸವೇ ಬೇಕು. ರಕ್ತಪರೀಕ್ಷೆ ಮಾಡಿಸದೆ ಅಂಗಡಿಯ ಮಾತ್ರೆ ನುಂಗುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಸಾಮಾನ್ಯ ಹುಣ್ಣು ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಮೂರು ವಾರ ಕಳೆದರೂ ಮಾಯದ ಹುಣ್ಣು, ಅದರಲ್ಲಿ ನೋವೇ ಇಲ್ಲದಿದ್ದರೂ ಸರಿ, ಬಾಯಿಯ ಕ್ಯಾನ್ಸರ್‌ನ ಲಕ್ಷಣವಾಗಿರಬಹುದು. ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತವನ್ನೂ ಕಡೆಗಣಿಸಬಾರದು. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿ ನಿಷೇಧಿಸಿತಾದರೂ ಅಡಿಕೆ, ತಂಬಾಕುಗಳನ್ನು ಬೇರೆಬೇರೆಯಾಗಿ ಕೊಂಡು ಬೆರೆಸಿ ಜಗಿಯುವ ಚಟ ನಿಂತಿಲ್ಲ. ಅಂಥವರು ಹುಣ್ಣಿಗೆ ಜೇನು ಹಚ್ಚುತ್ತ ದಿನ ದೂಡದೆ, ನಗರದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಾಗಲಿ ಸಮೀಪದ ದಂತವೈದ್ಯರಲ್ಲಾಗಲಿ ಕೂಡಲೇ ತಪಾಸಣೆ ಮಾಡಿಸಿಕೊಳ್ಳುವುದು ಲೇಸು.